ದಿನದ ಮಾತಿನೊಳಗಿನ ಇಂಗ್ಲಿಷ್ ವ್ಯಾಕರಣ

ನಮ್ಮ ನಾಡಿನ ಯಾವುದೇ ಬಸ್ ನಿಲ್ದಾಣದಲ್ಲಿ ಐದು ನಿಮಿಷ ನಿಂತರೆ ಸಾಕು, "ಬಸ್ಸು ಲೇಟಾಯಿತು, ಕಂಡಕ್ಟರು ಚೇಂಜ್ ಕೊಡಲಿಲ್ಲ, ಆಫೀಸಿಗೆ ಫೋನ್ ಮಾಡಿದೆ" ಎಂಬಂತಹ ಮಾತು ಕಿವಿಗೆ ಬೀಳುತ್ತದೆ. ಎಣಿಸಿ ನೋಡಿದರೆ ಈ ಮಾತಿನಲ್ಲಿ ಆರು ಶಬ್ದಗಳು ಇಂಗ್ಲಿಷಿನವು. ಕನ್ನಡದ ಪಾಲಿಗೆ ಉಳಿದಿರುವವು ಮೂರು ಕ್ರಿಯಾಪದಗಳು ಮತ್ತು ಒಂದೆರಡು ಪ್ರತ್ಯಯಗಳು ಮಾತ್ರ. ಆದರೂ ಲಂಡನ್ನಿನಿಂದ ಬಂದವನಿಗೆ ಈ ವಾಕ್ಯ ತಿಳಿಯುವುದಿಲ್ಲ. ಇಂಗ್ಲಿಷಿನ ಒಂದಕ್ಷರವನ್ನೂ ಕಲಿಯದ ಹಳ್ಳಿಯ ಮುದುಕಿಗೆ ತಿಳಿಯುತ್ತದೆ. ಇದಕ್ಕೆ ಕಾರಣವೇನು? ಶಬ್ದಗಳು ಎಲ್ಲಿಯವಾದರೂ ಇರಲಿ, ಅವುಗಳನ್ನು ಹೆಣೆದ ಕಟ್ಟು ಕನ್ನಡದ್ದು. ಕಡೆಯಲ್ಲಿ ಬರುವ ಕ್ರಿಯಾಪದ, ನಾಮಪದಕ್ಕೆ ಅಂಟುವ 'ಗೆ' ಎಂಬ ಪ್ರತ್ಯಯ, 'ನಾನು' ಎಂಬುದನ್ನು ಹೇಳದೆಯೇ ತನ್ನೊಡಲಲ್ಲಿ ಅಡಗಿಸಿಕೊಂಡ 'ಮಾಡಿದೆ' ಎಂಬ ರೂಪ, ಇವೇ ಆ ವಾಕ್ಯವನ್ನು ಕನ್ನಡವನ್ನಾಗಿ ಮಾಡಿವೆ. ಬಟ್ಟೆಗೆ ಹಾಸು ಹೊಕ್ಕುಗಳು ಹೇಗೋ ಭಾಷೆಗೆ ವ್ಯಾಕರಣವು ಹಾಗೆ. ಬಣ್ಣದ ಎಳೆಗಳನ್ನು ಎಲ್ಲಿಂದ ಬೇಕಾದರೂ ತರಬಹುದು, ನೇಯ್ಗೆ ಮಾತ್ರ ಮಗ್ಗದ್ದೇ ಆಗಿರುತ್ತದೆ.

ಈ ಸರಳ ಸತ್ಯವನ್ನು ತಿರುಗಿಸಿ ನೋಡಿದರೆ ನಮ್ಮ ಶಾಲೆಗಳಲ್ಲಿ ಇಂಗ್ಲಿಷ್ ಕಲಿಕೆ ಎಲ್ಲಿ ಎಡವುತ್ತಿದೆಯೆಂಬುದು ಸ್ಪಷ್ಟವಾಗುತ್ತದೆ. ನಮ್ಮ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಶಬ್ದಗಳ ಕೊರತೆ ಅಷ್ಟಾಗಿ ಇಲ್ಲ. ಆ ಶಬ್ದಗಳನ್ನು ಇಂಗ್ಲಿಷಿನ ಮಗ್ಗದಲ್ಲಿ ನೇಯುವ ಬಗೆ ತಿಳಿದಿಲ್ಲ. ಕರ್ನಾಟಕದ ಸರಕಾರಿ ಶಾಲೆಗಳಲ್ಲಿ 2007-08ನೆಯ ಸಾಲಿನಿಂದ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸಲಾಗುತ್ತಿದೆ. ಹತ್ತು ವರ್ಷ ಓದಿದ ಹುಡುಗನನ್ನು ಕೇಳಿದರೆ ನಾಮಪದದ ವ್ಯಾಖ್ಯೆಯನ್ನು ತಡವರಿಸದೆ ಒಪ್ಪಿಸುತ್ತಾನೆ. ಆದರೆ ಪಟ್ಟಣದ ಕಾಲೇಜಿನ ಕಚೇರಿಯಲ್ಲಿ ನಿಂತು "ನನ್ನ ಅರ್ಜಿ ತಲುಪಿದೆಯೇ?" ಎಂಬಷ್ಟನ್ನು ಇಂಗ್ಲಿಷಿನಲ್ಲಿ ಕೇಳಬೇಕಾದಾಗ ಅವನ ನಾಲಗೆ ಕಟ್ಟಿಹೋಗುತ್ತದೆ. ವ್ಯಾಖ್ಯೆ ಬಂದಿತು, ವಾಕ್ಯ ಬರಲಿಲ್ಲ. ವ್ಯಾಕರಣವನ್ನು ದಿನನಿತ್ಯದ ವಾಕ್ಯದಿಂದ ಬೇರ್ಪಡಿಸಿ ಕಲಿಸಿದ್ದರ ಫಲವಿದು ಎಂಬುದೇ ಈ ಲೇಖನದ ವಾದ.

ವ್ಯಾಖ್ಯೆಗಳಿಂದ ಆರಂಭವಾಗುವ ಈ ಪದ್ಧತಿ ಇಂಗ್ಲಿಷಿಗೂ ಹೊರಗಿನಿಂದ ಬಂದುದು. ರಾಬರ್ಟ್ ಲೌತ್ 1762ರಲ್ಲಿಯೂ ಲಿಂಡ್ಲಿ ಮರ್ರಿ 1795ರಲ್ಲಿಯೂ ಪ್ರಕಟಿಸಿದ ಇಂಗ್ಲಿಷ್ ವ್ಯಾಕರಣಗಳು ಬಹುಕಾಲ ಶಾಲೆಗಳನ್ನು ಆಳಿದವು. ಆ ಕಾಲದ ವಿದ್ವಾಂಸರ ಕಣ್ಣಿಗೆ ವ್ಯಾಕರಣವೆಂದರೆ ಲ್ಯಾಟಿನ್ ವ್ಯಾಕರಣ. ಆದುದರಿಂದ ಇಂಗ್ಲಿಷಿನ ಮೈಗೆ ಲ್ಯಾಟಿನ್ನಿನ ಅಂಗಿಯನ್ನು ತೊಡಿಸಲಾಯಿತು. 1930ರ ದಶಕದಲ್ಲಿ ಭಾರತದ ಶಾಲೆಗಳಿಗೆ ಬಂದ ರೆನ್ ಮತ್ತು ಮಾರ್ಟಿನ್ ಅವರ ಪ್ರಸಿದ್ಧ ಪಠ್ಯವೂ ವ್ಯಾಖ್ಯೆ, ವಿಭಾಗ, ಅಭ್ಯಾಸ ಎಂಬ ಅದೇ ಕ್ರಮವನ್ನು ಅನುಸರಿಸಿತು. ಆ ಪುಸ್ತಕದಿಂದ ಉಪಕಾರವಾಗಿಲ್ಲವೆಂದಲ್ಲ. ಮನೆಯಲ್ಲಿಯೋ ನೆರೆಯಲ್ಲಿಯೋ ಇಂಗ್ಲಿಷನ್ನು ಕೇಳುತ್ತಿದ್ದವರಿಗೆ ಅದು ತಿಳಿದ ಮಾತನ್ನು ತಿದ್ದುವ ಸಾಧನವಾಯಿತು. ಕೇಳಿಯೇ ಅರಿಯದ ಮಗುವಿಗೆ ಅದು ತಿದ್ದಲು ಏನೂ ಇಲ್ಲದ ತಿದ್ದುಪಡಿಯಾಯಿತು.

ನಮ್ಮ ಪರಂಪರೆಯಲ್ಲಿಯಾದರೋ ವ್ಯಾಕರಣವು ಪ್ರಯೋಗವನ್ನು ಅನುಸರಿಸಿಯೇ ಬೆಳೆದಿದೆ. ಹದಿಮೂರನೆಯ ಶತಮಾನದ ಕೇಶಿರಾಜನು 'ಶಬ್ದಮಣಿದರ್ಪಣ'ವನ್ನು ರಚಿಸುವಾಗ ತನಗಿಂತ ಹಿಂದಿನ ಕವಿಗಳ ಪ್ರಯೋಗಗಳನ್ನು ಮುಂದಿಟ್ಟುಕೊಂಡು ಸೂತ್ರಗಳಿಗೆ ಉದಾಹರಣೆಗಳನ್ನು ಕೊಟ್ಟನು. ಮೊದಲು ಮಾತು, ಅನಂತರ ಸೂತ್ರ. ಇಂಗ್ಲಿಷ್ ಜಗತ್ತಿನಲ್ಲಿಯೂ ಇಪ್ಪತ್ತನೆಯ ಶತಮಾನದ ವೇಳೆಗೆ ಇದೇ ದೃಷ್ಟಿ ಬಲಗೊಂಡಿತು. ಹೆರಾಲ್ಡ್ ಪಾಮರ್ ಅವರು 1924ರಲ್ಲಿ ಆಡುಮಾತಿನ ಇಂಗ್ಲಿಷಿಗೇ ಒಂದು ವ್ಯಾಕರಣವನ್ನು ಬರೆದರು. ಅಮೆರಿಕದ ಚಾರ್ಲ್ಸ್ ಫ್ರೀಸ್ ಅವರು ಜನರ ಸಹಜ ಸಂಭಾಷಣೆಗಳನ್ನು ಧ್ವನಿಮುದ್ರಿಸಿಕೊಂಡು, ಅವುಗಳನ್ನೇ ಆಧಾರವಾಗಿಟ್ಟುಕೊಂಡು 1952ರಲ್ಲಿ ಇಂಗ್ಲಿಷ್ ವಾಕ್ಯರಚನೆಯ ಗ್ರಂಥವನ್ನು ಪ್ರಕಟಿಸಿದರು. ದಿನದ ಮಾತಿನಲ್ಲಿ ವ್ಯಾಕರಣವಿಲ್ಲ, ಗ್ರಂಥದಲ್ಲಿ ಮಾತ್ರ ಇದೆ ಎಂಬ ಭ್ರಮೆಯನ್ನು ಇಂತಹ ಕೃತಿಗಳು ದೂರಮಾಡಿದವು.

ಹಾಗಾದರೆ ದಿನದ ಇಂಗ್ಲಿಷ್ ವಾಕ್ಯದಲ್ಲಿ ಅಡಗಿರುವ ಕಟ್ಟು ಯಾವುದು? ಕನ್ನಡದ ಕಣ್ಣಿನಿಂದಲೇ ನೋಡೋಣ. "ನಾಯಿ ಮನುಷ್ಯನನ್ನು ಕಚ್ಚಿತು" ಎಂದರೂ "ಮನುಷ್ಯನನ್ನು ನಾಯಿ ಕಚ್ಚಿತು" ಎಂದರೂ ಕನ್ನಡದಲ್ಲಿ ಕಚ್ಚಿದ್ದು ನಾಯಿಯೇ. 'ಅನ್ನು' ಎಂಬ ದ್ವಿತೀಯಾ ವಿಭಕ್ತಿ ಪ್ರತ್ಯಯವು ಕರ್ಮಪದದ ಕೊರಳಿಗೆ ಕಟ್ಟಿದ ಗುರುತಿನ ಚೀಟಿಯಂತಿದೆ. ಪದವು ಎಲ್ಲಿ ಹೋಗಿ ನಿಂತರೂ ಅದರ ಗುರುತು ಅಳಿಯುವುದಿಲ್ಲ. ಇಂಗ್ಲಿಷಿನಲ್ಲಿ "ದಿ ಡಾಗ್ ಬಿಟ್ ದಿ ಮ್ಯಾನ್" ಎಂಬುದನ್ನು ತಿರುಗಿಸಿ "ದಿ ಮ್ಯಾನ್ ಬಿಟ್ ದಿ ಡಾಗ್" ಎಂದರೆ ಕಚ್ಚಿದವನು ಮನುಷ್ಯನಾಗುತ್ತಾನೆ. ಅಲ್ಲಿ ಪದಕ್ಕೆ ಚೀಟಿಯಿಲ್ಲ. ಕುಳಿತ ಪೀಠವೇ ಗುರುತು. ಕ್ರಿಯಾಪದದ ಮುಂಚಿನ ಪೀಠದಲ್ಲಿ ಕುಳಿತದ್ದು ಕರ್ತೃ, ಅನಂತರದ ಪೀಠದಲ್ಲಿ ಕುಳಿತದ್ದು ಕರ್ಮ.

ಮೊದಲು ಹೀಗಿರಲಿಲ್ಲ. ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ನಾಮಪದಗಳಿಗೆ ವಿಭಕ್ತಿರೂಪಗಳಿದ್ದವು. ಮುಂದಿನ ಕೆಲವು ಶತಮಾನಗಳಲ್ಲಿ ಅವು ಬಹುಮಟ್ಟಿಗೆ ಸವೆದುಹೋದವು; ಅವುಗಳ ಕೆಲಸವನ್ನು ಪದಗಳ ಕ್ರಮವೂ 'ಇನ್', 'ಆನ್', 'ಟು' ಮುಂತಾದ ಚಿಕ್ಕ ಪದಗಳೂ ವಹಿಸಿಕೊಂಡವು. 'ಹಿ' ಮತ್ತು 'ಹಿಮ್', 'ಐ' ಮತ್ತು 'ಮಿ' ಎಂಬಂತಹ ಸರ್ವನಾಮಗಳಲ್ಲಿ ಹಳೆಯ ವಿಭಕ್ತಿಯ ಕುರುಹು ಇಂದಿಗೂ ಉಳಿದಿದೆ. ಇದನ್ನು ವಿದ್ಯಾರ್ಥಿಗೆ ಒಮ್ಮೆ ಹೇಳಿದರೆ 'ಹಿಮ್' ಎಂದರೆ 'ಅವನನ್ನು' ಎಂಬುದು ಕೇವಲ ಕಂಠಪಾಠದ ಸಂಗತಿಯಾಗಿ ಉಳಿಯುವುದಿಲ್ಲ. ತನ್ನ ಭಾಷೆಯಲ್ಲಿ ಎಲ್ಲೆಡೆ ಇರುವುದು ಆ ಭಾಷೆಯಲ್ಲಿ ಒಂದು ಮೂಲೆಯಲ್ಲಿ ಉಳಿದುಕೊಂಡಿದೆಯೆಂದು ಅವನು ಕಾಣುತ್ತಾನೆ.

ಇನ್ನೊಂದು ಕಟ್ಟನ್ನು ಗಮನಿಸೋಣ. ಬಂದೆನು, ಬಂದೆ, ಬಂದನು, ಬಂದಳು, ಬಂದಿತು, ಬಂದೆವು, ಬಂದಿರಿ, ಬಂದರು ಎಂಬ ಎಂಟು ರೂಪಗಳಿಗೂ ಇಂಗ್ಲಿಷಿನಲ್ಲಿ 'ಕೇಮ್' ಎಂಬುದೊಂದೇ ಉತ್ತರ. ಬಂದವರು ಯಾರೆಂಬುದನ್ನು ಕನ್ನಡದ ಕ್ರಿಯಾಪದ ತಾನೇ ಹೇಳಿಬಿಡುತ್ತದೆ. ಆದುದರಿಂದ "ನಿನ್ನೆ ಬಂದೆವು" ಎಂಬುದು ಪೂರ್ಣವಾಕ್ಯ. ಇಂಗ್ಲಿಷಿನ ಕ್ರಿಯಾಪದ ಅದನ್ನು ಹೇಳಲಾರದು. ಆದುದರಿಂದ ಅಲ್ಲಿ ಕರ್ತೃವಿನ ಪೀಠ ಸಾಮಾನ್ಯವಾಗಿ ಬರಿದಾಗಿರುವಂತಿಲ್ಲ. ಕೂರಿಸಲು ಯಾರೂ ಇಲ್ಲದಿದ್ದರೂ ಒಂದು ಬೊಂಬೆಯನ್ನಾದರೂ ಕೂರಿಸಬೇಕು. "ಇಟ್ ಈಸ್ ರೇನಿಂಗ್" ಎಂಬಲ್ಲಿ 'ಇಟ್' ಎಂದರೆ ಯಾವುದು? ಯಾವುದೂ ಅಲ್ಲ, ಪೀಠ ತುಂಬುವ ಬೊಂಬೆ ಅಷ್ಟೆ. "ದೇರ್ ಈಸ್ ನೋ ವಾಟರ್" ಎಂಬಲ್ಲಿಯ 'ದೇರ್' ಕೂಡ ಅಂತಹುದೇ. "ಈಸ್ ರೇನಿಂಗ್" ಎಂದು ಬರೆದ ಹುಡುಗನಿಗೆ ಬುದ್ಧಿಯಿಲ್ಲವೆಂದು ಗದರಿಸುವ ಮುನ್ನ ಒಂದು ಮಾತು ನೆನಪಿಡಬೇಕು. ಅವನು ಕನ್ನಡದ ನಿಯಮವನ್ನು ನಿಷ್ಠೆಯಿಂದ ಪಾಲಿಸಿದ್ದಾನೆ. ಅವನಿಗೆ ಬೇಕಾದುದು ಬೆತ್ತವಲ್ಲ, ಎರಡು ಮಗ್ಗಗಳ ಅಂತರವನ್ನು ತೋರಿಸುವ ಕೈ.

ಇದೇ ಬಗೆಯಲ್ಲಿ ನಮ್ಮ ಮಕ್ಕಳ 'ತಪ್ಪು'ಗಳನ್ನು ಓದುತ್ತ ಹೋದರೆ ಅವುಗಳಲ್ಲಿ ಅನೇಕವು ಒಂದೊಂದು ಕನ್ನಡ ಸೂತ್ರದ ನೆರಳಾಗಿರುವುದು ಕಂಡುಬರುತ್ತದೆ. "ಅವನು ಶಿಕ್ಷಕ" ಎಂಬ ವಾಕ್ಯಕ್ಕೆ ಕನ್ನಡದಲ್ಲಿ ಕ್ರಿಯಾಪದವೇ ಬೇಡ. ಆದುದರಿಂದ "ಹಿ ಟೀಚರ್" ಎಂದು ಬರೆದು 'ಈಸ್', 'ಎ' ಎರಡನ್ನೂ ಬಿಡುತ್ತಾರೆ. "ನಿನ್ನೆ ಅವನನ್ನು ನೋಡಿದ್ದೇನೆ" ಎಂದು ಕನ್ನಡದಲ್ಲಿ ಹೇಳಬಹುದು. ಆದುದರಿಂದ "ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್ಡೇ" ಎನ್ನುತ್ತಾರೆ. ಇಂಗ್ಲಿಷಿನ 'ಹ್ಯಾವ್ ಸೀನ್' ಎಂಬ ರೂಪವು ಕಳೆದುದನ್ನು ಈ ಗಳಿಗೆಗೆ ಜೋಡಿಸುತ್ತದೆ. 'ಯೆಸ್ಟರ್ಡೇ' ಎಂಬ ಪದವು ಆ ಕಾಲಕ್ಕೆ ಬಾಗಿಲು ಹಾಕುತ್ತದೆ. ಬಾಗಿಲು ಹಾಕಿದ ಮೇಲೆ ಜೋಡಣೆ ಸಾಧ್ಯವಿಲ್ಲ. ಅಲ್ಲಿ 'ಸಾ' ಎಂಬ ಭೂತಕಾಲದ ರೂಪವೇ ಸಲ್ಲಬೇಕು. "ನನಗೆ ಹಸಿವಾಗಿದೆ", "ನನಗೆ ಗೊತ್ತು", "ನನಗೆ ಇಬ್ಬರು ಮಕ್ಕಳಿದ್ದಾರೆ" ಎಂಬ ಮೂರರಲ್ಲಿಯೂ ಕನ್ನಡವು 'ನನಗೆ' ಎಂದು ಚತುರ್ಥಿಯನ್ನು ಬಳಸುತ್ತದೆ. ಹಸಿವೂ ಅರಿವೂ ಮಕ್ಕಳೂ ನಮ್ಮ ಬಳಿಗೆ ಬಂದವುಗಳು ಎಂಬಂತೆ. ಇಂಗ್ಲಿಷು ಮೂರರಲ್ಲಿಯೂ 'ಐ' ಎಂದು ಕರ್ತೃವನ್ನೇ ಮುಂದಿಡುತ್ತದೆ: "ಐ ಯಾಮ್ ಹಂಗ್ರಿ", "ಐ ನೋ", "ಐ ಹ್ಯಾವ್ ಟೂ ಚಿಲ್ಡ್ರನ್". ದಿನಕ್ಕೆ ನೂರು ಬಾರಿ ಆಡುವ ಈ ಸಣ್ಣ ವಾಕ್ಯಗಳನ್ನು ಎದುರುಬದುರಾಗಿ ಇಟ್ಟು ತೋರಿಸಿದರೆ ಹತ್ತು ಪುಟದ ವಿವರಣೆಯ ಕೆಲಸ ಹತ್ತು ನಿಮಿಷದಲ್ಲಿ ಆಗುತ್ತದೆ.

ಕ್ರಿಯಾಪದಗಳ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ. ಎಸ್. ಹಾರ್ನ್‌ಬಿ ಅವರು ವಿದ್ಯಾರ್ಥಿಗಳ ತೊಡಕನ್ನು ಕಂಡು, ಇಂಗ್ಲಿಷ್ ಕ್ರಿಯಾಪದಗಳನ್ನು ಅವು ಬಯಸುವ ವಾಕ್ಯದ ಮಾದರಿಗಳಿಗೆ ಅನುಸಾರವಾಗಿ ವಿಂಗಡಿಸಿದರು. 1942ರಲ್ಲಿ ಟೋಕಿಯೊದಲ್ಲಿ ಪ್ರಕಟವಾದ ಅವರ ನಿಘಂಟಿನಲ್ಲಿಯೂ 1954ರ ಅವರ ವಾಕ್ಯಮಾದರಿಗಳ ಕೈಪಿಡಿಯಲ್ಲಿಯೂ ಇಂತಹ 25 ಮಾದರಿಗಳನ್ನು ಕಾಣಬಹುದು. ಅರ್ಥ ಹತ್ತಿರವಾದ ಮಾತ್ರಕ್ಕೆ ಮಾದರಿ ಒಂದೇ ಆಗುವುದಿಲ್ಲ ಎಂಬುದು ಅವರು ಕಂಡ ಸತ್ಯ. "ಹಿ ಗೇವ್ ಮಿ ಎ ಬುಕ್" ಎನ್ನಬಹುದು. "ಹಿ ಎಕ್ಸ್‌ಪ್ಲೇನ್ಡ್ ಮಿ ದಿ ಲೆಸನ್" ಎನ್ನುವಂತಿಲ್ಲ, "ಎಕ್ಸ್‌ಪ್ಲೇನ್ಡ್ ದಿ ಲೆಸನ್ ಟು ಮಿ" ಎನ್ನಬೇಕು. ಕನ್ನಡಕ್ಕೆ "ನನಗೆ ಕೊಟ್ಟನು", "ನನಗೆ ವಿವರಿಸಿದನು" ಎರಡೂ ಒಂದೇ. "ಐ ವಾಂಟ್ ಯು ಟು ಗೋ" ಸರಿ. "ಐ ಸಜೆಸ್ಟ್ ಯು ಟು ಗೋ" ಸಲ್ಲದು. ಆದುದರಿಂದ ಕ್ರಿಯಾಪದವನ್ನು ಅರ್ಥದೊಡನೆ ಮಾತ್ರ ಕಲಿಸುವುದು ಎತ್ತನ್ನು ಕೊಟ್ಟು ನೊಗವನ್ನು ಇಟ್ಟುಕೊಂಡಂತೆ. ಹೊಸ ಕ್ರಿಯಾಪದವೊಂದು ಪಾಠದಲ್ಲಿ ಬಂದಾಗ ಅದರ ಅರ್ಥವನ್ನು ಹೇಳಿ ಮುಂದೆ ಸಾಗದೆ, ಅದು ಕುಳಿತಿರುವ ವಾಕ್ಯವನ್ನೇ ಇಡಿಯಾಗಿ ಬಾಯಿಗೆ ತರಿಸಬೇಕು.

ಪರೀಕ್ಷೆಗಾಗಿ ನಡೆಯುವ ಅಭ್ಯಾಸಗಳತ್ತ ಈಗ ನೋಡೋಣ. ಕರ್ತರಿಯನ್ನು ಕರ್ಮಣಿಗೆ ತಿರುಗಿಸಿರಿ ಎಂಬ ಪ್ರಶ್ನೆ ನಮ್ಮೆಲ್ಲರಿಗೂ ಪರಿಚಿತ. "ರಾಮ ಕಿಲ್ಡ್ ರಾವಣ" ಎಂಬುದನ್ನು "ರಾವಣ ವಾಸ್ ಕಿಲ್ಡ್ ಬೈ ರಾಮ" ಎಂದು ತಿರುಗಿಸಿದರೆ ಅಂಕ ದೊರೆಯುತ್ತದೆ. ಆದರೆ ಹಾಗೆ ಏಕೆ ತಿರುಗಿಸಬೇಕು? ಮೊದಲನೆಯ ವಾಕ್ಯದಲ್ಲಿ ಏನು ಕೊರತೆಯಿತ್ತು? ಈ ಪ್ರಶ್ನೆಯನ್ನು ತರಗತಿಯಲ್ಲಿ ಕೇಳುವವರು ವಿರಳ. ನಿಜವಾದ ಇಂಗ್ಲಿಷಿನಲ್ಲಿ ಕರ್ಮಣಿ ಪ್ರಯೋಗವು ಹುಟ್ಟುವುದು ಮಾಡಿದವನು ಯಾರೆಂದು ತಿಳಿಯದಾಗ, ಅಥವಾ ಹೇಳುವ ಅಗತ್ಯವಿಲ್ಲದಾಗ, ಇಲ್ಲವೇ ಕರ್ಮವೇ ಮಾತಿನ ಕೇಂದ್ರವಾದಾಗ. "ಮೈ ಸೈಕಲ್ ವಾಸ್ ಸ್ಟೋಲನ್" ಎನ್ನುವವನಿಗೆ ಕಳ್ಳನ ಹೆಸರು ತಿಳಿದಿದ್ದರೆ ಆ ಮಾತು ಬೇರೆಯೇ ಆಗುತ್ತಿತ್ತು! "ದಿ ಆಫೀಸ್ ಈಸ್ ಕ್ಲೋಸ್ಡ್ ಆನ್ ಸಂಡೇಸ್" ಎಂಬ ಫಲಕದಲ್ಲಿ ಬಾಗಿಲು ಹಾಕುವ ಜವಾನನ ಹೆಸರು ಯಾರಿಗೂ ಬೇಡ. ಇಂಗ್ಲಿಷಿನ ಕರ್ಮಣಿ ವಾಕ್ಯಗಳಲ್ಲಿ ಬಹುಪಾಲು 'ಬೈ' ಎಂಬುದೇ ಇಲ್ಲದ ಇಂತಹ ವಾಕ್ಯಗಳು. ನಾವು ಕಲಿಸುವುದಾದರೋ ವಿರಳವಾದುದನ್ನು, ಬಿಡುವುದು ಬಳಕೆಯಲ್ಲಿರುವುದನ್ನು.

ಒಂದೇ ಒಂದು ಪುಟ್ಟ ವಾಕ್ಯದ ಬಾಲದಲ್ಲಿ ಎಷ್ಟು ವ್ಯಾಕರಣ ಅಡಗಿರಬಹುದು ಎಂಬುದಕ್ಕೆ ಇನ್ನೊಂದು ನಿದರ್ಶನ ಸಾಕು. ಕನ್ನಡದಲ್ಲಿ ಯಾವ ಮಾತಿನ ಕೊನೆಗಾದರೂ 'ಅಲ್ಲವೇ?' ಎಂದು ಸೇರಿಸಿದರೆ ಕೆಲಸ ಮುಗಿಯಿತು. ಇಂಗ್ಲಿಷಿನಲ್ಲಿ "ಯುವರ್ ಬ್ರದರ್ ಕೇಮ್ ಯೆಸ್ಟರ್ಡೇ" ಎಂಬುದಕ್ಕೆ ಅಂತಹ ಬಾಲ ಕಟ್ಟಬೇಕಾದರೆ 'ಬ್ರದರ್' ಎಂಬುದಕ್ಕೆ 'ಹಿ' ಎಂಬ ಸರ್ವನಾಮವನ್ನು ಹುಡುಕಬೇಕು, ವಾಕ್ಯದಲ್ಲಿ ಸಹಾಯಕ ಕ್ರಿಯಾಪದ ಇಲ್ಲದ ಕಾರಣ 'ಡಿಡ್' ಎಂಬುದನ್ನು ಕರೆತರಬೇಕು, ವಿಧಿಯನ್ನು ನಿಷೇಧಕ್ಕೆ ತಿರುಗಿಸಬೇಕು, ಕೊನೆಗೆ ಕ್ರಮವನ್ನು ಹಿಂದುಮುಂದಾಗಿಸಿ "ಡಿಡ್ನ್ಟ್ ಹಿ?" ಎನ್ನಬೇಕು. ನಾಲ್ಕು ನಿಯಮಗಳು ಎರಡು ಪದಗಳಲ್ಲಿ! ನಮ್ಮವರು ಎಲ್ಲೆಡೆಯೂ "ಈಸ್ನ್ಟ್ ಇಟ್?" ಎಂದು ಮುಗಿಸಿಬಿಡುವುದು ಸ್ವಾಭಾವಿಕವೇ. ಅದು 'ಅಲ್ಲವೇ' ಎಂಬುದರ ಇಂಗ್ಲಿಷ್ ವೇಷ. ಭಾರತೀಯ ಇಂಗ್ಲಿಷಿನ ಲಕ್ಷಣಗಳಲ್ಲಿ ಅದೂ ಒಂದೆಂದು ಹಲವು ವಿದ್ವಾಂಸರು ಗುರುತಿಸಿರುವರಾದರೂ, ಮೂಲದ ಕಟ್ಟನ್ನು ತಿಳಿದು ಬಿಡುವುದು ಬೇರೆ, ತಿಳಿಯದೆ ಬಿಡುವುದು ಬೇರೆ.

ಇಷ್ಟನ್ನು ಹೇಳಿದ ಮೇಲೆ ಒಂದು ಆಕ್ಷೇಪವನ್ನು ಎದುರಿಸಬೇಕಾಗುತ್ತದೆ. ವ್ಯಾಕರಣವನ್ನು ಎತ್ತಿ ತೋರಿಸುವುದೇ ಬೇಡ, ಅರ್ಥದ ಮೇಲೆ ಲಕ್ಷ್ಯವಿಟ್ಟು ಮಾತಾಡಿಸಿದರೆ ವ್ಯಾಕರಣ ತಾನಾಗಿ ಬರುತ್ತದೆ ಎನ್ನುವವರಿದ್ದಾರೆ. ಈ ಪಕ್ಷಕ್ಕೆ ಬಲವಾದ ಆಧಾರ ನಮ್ಮ ನೆಲದಲ್ಲಿಯೇ ಹುಟ್ಟಿತು. ಎನ್. ಎಸ್. ಪ್ರಭು ಅವರ ನೇತೃತ್ವದಲ್ಲಿ 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆದ ಪ್ರಯೋಗವು 'ಬೆಂಗಳೂರು ಯೋಜನೆ' ಎಂಬ ಹೆಸರಿನಿಂದ ಜಗತ್ತಿನ ಭಾಷಾಶಿಕ್ಷಣ ಕ್ಷೇತ್ರದಲ್ಲಿ ಪ್ರಸಿದ್ಧವಾಗಿದೆ. ಅಲ್ಲಿ ವ್ಯಾಕರಣದ ಪಾಠಗಳಿರಲಿಲ್ಲ. ರೈಲಿನ ವೇಳಾಪಟ್ಟಿ, ನಕ್ಷೆ ಮುಂತಾದವುಗಳನ್ನು ಕೊಟ್ಟು ಮಕ್ಕಳಿಂದ ಸಮಸ್ಯೆಗಳನ್ನು ಬಿಡಿಸಲಾಗುತ್ತಿತ್ತು. ಮನಸ್ಸು ಅರ್ಥದಲ್ಲಿ ತೊಡಗಿರುವಾಗ ಭಾಷೆಯ ಕಟ್ಟು ಒಳಗೊಳಗೇ ಬೆಳೆಯುತ್ತದೆ ಎಂಬುದು ಪ್ರಭು ಅವರ ನಂಬಿಕೆ. 1987ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಅದನ್ನು ಅವರು ವಿಶದವಾಗಿ ಪ್ರತಿಪಾದಿಸಿದ್ದಾರೆ.

ಈ ಮಾತಿನ ಪೂರ್ವಾರ್ಧವನ್ನು ನಾವು ಮನಃಪೂರ್ವಕವಾಗಿ ಒಪ್ಪಬೇಕು. ಅರ್ಥವಿಲ್ಲದ ವಾಕ್ಯದಿಂದ ಯಾವ ಭಾಷೆಯೂ ಬರಲಾರದು. ಆದರೆ ದಿನಕ್ಕೊಂದು ಅವಧಿಯಷ್ಟು ಹೊತ್ತು ಮಾತ್ರ ಇಂಗ್ಲಿಷನ್ನು ಕೇಳಿ, ಉಳಿದ ವೇಳೆಯೆಲ್ಲ ಕನ್ನಡದಲ್ಲಿಯೇ ಬಾಳುವ ಮಗುವಿಗೆ ಕಟ್ಟು ತಾನಾಗಿ ಬೆಳೆಯುವಷ್ಟು ಮಳೆ ಬೀಳುವುದಿಲ್ಲ. ಮಳೆಯಾಶ್ರಿತ ಹೊಲಕ್ಕೆ ಒಡ್ಡು ಹಾಕಿ ನೀರು ನಿಲ್ಲಿಸುವಂತೆ, ಕೇಳಿದ ಅಲ್ಪಸ್ವಲ್ಪವೂ ಹರಿದುಹೋಗದಂತೆ ತಡೆಯುವ ಕೆಲಸವನ್ನು ಶಿಕ್ಷಕನು ಮಾಡಬೇಕಾಗುತ್ತದೆ. ಮೊದಲು ಬದುಕಿನ ವಾಕ್ಯ, ಅದು ಬಾಯಿಗೆ ಬಂದ ಮೇಲೆ "ಈ ಐದು ವಾಕ್ಯಗಳಲ್ಲಿ ಒಂದೇ ಬಗೆಯಾಗಿರುವುದು ಯಾವುದು?" ಎಂಬ ಪ್ರಶ್ನೆ, ಮಕ್ಕಳೇ ನಿಯಮವನ್ನು ಕಂಡು ಹೇಳಿದ ಮೇಲೆ ಕೊನೆಗೆ, ಬೇಕಾದರೆ, ಅದಕ್ಕೊಂದು ಹೆಸರು. ಇಂದು ನಾವು ನಡೆಸುತ್ತಿರುವುದು ಇದರ ತಲೆಕೆಳಗಾದ ಕ್ರಮ. ಹೆಸರಿನಿಂದ ಆರಂಭಿಸುತ್ತೇವೆ, ವಾಕ್ಯಕ್ಕೆ ತಲುಪುವಷ್ಟರಲ್ಲಿ ಗಂಟೆ ಬಾರಿಸುತ್ತದೆ.

ಇನ್ನೊಂದು ಸೂಚನೆಯನ್ನು ಶಾಲೆಗಳ ಮುಂದಿಡುವುದು ಉಚಿತವೆನಿಸುತ್ತದೆ. ಕನ್ನಡ ಪಂಡಿತರೂ ಇಂಗ್ಲಿಷ್ ಅಧ್ಯಾಪಕರೂ ಒಂದೇ ಕೊಠಡಿಯಲ್ಲಿ ಕುಳಿತಿರುತ್ತಾರೆ. ವ್ಯಾಕರಣದ ವಿಷಯದಲ್ಲಿ ಮಾತ್ರ ಎರಡು ದೇಶಗಳವರಂತೆ ಇರುತ್ತಾರೆ. ವಿಭಕ್ತಿ, ಕರ್ತೃ, ಕರ್ಮ, ಪ್ರಯೋಗ ಇವುಗಳನ್ನು ಒಂಬತ್ತನೆಯ ತರಗತಿಯ ಕನ್ನಡದಲ್ಲಿ ಕಲಿತ ಹುಡುಗಿ ಮುಂದಿನ ಅವಧಿಯಲ್ಲಿ ಅವನ್ನೇ ಬೇರೆ ಹೆಸರುಗಳಿಂದ ಹೊಸದಾಗಿ ಕಲಿಯುತ್ತಾಳೆ, ಎರಡೂ ಒಂದೇ ವಸ್ತುವೆಂದು ಯಾರೂ ಅವಳಿಗೆ ಹೇಳುವುದಿಲ್ಲ. ಇಬ್ಬರು ಅಧ್ಯಾಪಕರೂ ತಿಂಗಳಿಗೊಮ್ಮೆ ಒಂದು ತಾಸು ಕೂಡಿ ಕುಳಿತು, ಮಕ್ಕಳ ಉತ್ತರಪತ್ರಿಕೆಗಳಿಂದ ಇಪ್ಪತ್ತು ತಪ್ಪುಗಳನ್ನು ಆರಿಸಿಕೊಂಡು, ಅವುಗಳಲ್ಲಿ ಯಾವ ಕನ್ನಡ ಸೂತ್ರವು ಇಣುಕುತ್ತಿದೆಯೆಂದು ಪರಿಶೀಲಿಸಿದರೆ ಆ ಶಾಲೆಯ ಮಕ್ಕಳಿಗೇ ಹೊಂದುವ ವ್ಯಾಕರಣವೊಂದು ಕೆಲವೇ ವರ್ಷಗಳಲ್ಲಿ ಸಿದ್ಧವಾಗುತ್ತದೆ. ಇದಕ್ಕೆ ಅನುದಾನ ಬೇಡ, ಕಟ್ಟಡ ಬೇಡ, ಮೇಲಿನವರ ಆದೇಶವೂ ಬೇಡ.

ಇದು ಕೇವಲ ಅಂಕಗಳ ಮಾತಲ್ಲ. ಇಂಗ್ಲಿಷ್ ಬಾರದೆಂಬ ಕಾರಣಕ್ಕೆ ತನ್ನನ್ನು ತಾನೇ ದಡ್ಡನೆಂದು ನಂಬಿದ ಹಳ್ಳಿಯ ವಿದ್ಯಾರ್ಥಿ ಮುಂದೆ ಬೇರೆ ವಿಷಯಗಳಲ್ಲಿಯೂ ಕುಗ್ಗುತ್ತಾನೆ. ಪ್ರಶ್ನೆ ಕೇಳಲು ಎದ್ದು ನಿಲ್ಲುವುದನ್ನೇ ಬಿಡುತ್ತಾನೆ. ಬೇರೆ ಬೇರೆ ಎಂಟು ಕ್ರಿಯಾರೂಪಗಳನ್ನು ಒಂದು ದಿನವೂ ತಪ್ಪದೆ ಬಳಸುವ ಬುದ್ಧಿ, ವಿಭಕ್ತಿಗಳನ್ನು ತೊಡಕಿಲ್ಲದೆ ನಡೆಸುವ ಬುದ್ಧಿ ದಡ್ಡನದಾಗಿರುವುದು ಸಾಧ್ಯವಿಲ್ಲ. ಅವನು ಈಗಾಗಲೇ ಒಬ್ಬ ವೈಯಾಕರಣ. ಅದನ್ನು ಅವನಿಗೆ ತಿಳಿಸಿಕೊಟ್ಟವರಿಲ್ಲ, ಅಷ್ಟೆ. "ನಿನಗೆ ಒಂದು ಮಗ್ಗ ಗೊತ್ತಿದೆ, ಇದು ಇನ್ನೊಂದು ಮಗ್ಗ, ಇಲ್ಲಿ ಎಳೆ ಹೀಗೆ ಸಾಗುತ್ತದೆ" ಎಂದು ಆತನ ಕೈಹಿಡಿದು ತೋರಿಸುವ ಶಿಕ್ಷಕರು ಪ್ರತಿಯೊಂದು ಶಾಲೆಯಲ್ಲಿಯೂ ಇಬ್ಬರು ಮೂವರಾದರೂ ಇದ್ದರೆ, ಕಚೇರಿಯ ಕಿಟಕಿಯ ಮುಂದೆ ನಿಂತ ನಮ್ಮ ಮಕ್ಕಳು ತಮ್ಮ ಅರ್ಜಿಯ ಬಗೆಗೆ ತಾವೇ ಕೇಳಿಕೊಳ್ಳಬಲ್ಲರು.